ಪತ್ತನಾಜೆ ಕಳೆದ ಮೇಲೆ ಹಾರ್ನ್ ಯುನಿಟ್ ಬಿಚ್ಚಿ

ಬೇಷ ತಿಂಗಳ ಹತ್ತಕ್ಕೆ ಪತ್ತನಾಜೆ. ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಅದು ಮೇ 24–25ರ ಹೊತ್ತಿಗೆ ಬರುತ್ತದೆ. ಅಂದಿಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ನೇಮ ಕೋಲಗಳು ನಿಲ್ಲುತ್ತವೆ. ಪುತ್ತೂರು, ಸುಳ್ಯ, ಕಡಬದ ಸೌಂಡ್ಸ್‌ನವರಿಗೂ ಅಲ್ಲಿಂದ ದೀಪಾವಳಿಯವರೆಗೆ ಕೆಲಸ ಕಡಿಮೆ. ಮಾರ್ಗಶಿರದಲ್ಲಿ ಕುಕ್ಕೆಯ ಚಂಪಾಷಷ್ಠಿ, ಜನವರಿಯಲ್ಲಿ ಸುಳ್ಯದ ಚೆನ್ನಕೇಶವ ದೇವರ ಜಾತ್ರೆ, ಏಪ್ರಿಲ್‌ನಲ್ಲಿ ಪುತ್ತೂರು ಮಹಾಲಿಂಗೇಶ್ವರನ ಜಾತ್ರೆ, ನಡುವೆ ಊರೂರಿನ ಬಯಲಾಟ, ಭಜನೆ, ಶಾಲಾ ವಾರ್ಷಿಕೋತ್ಸವ: ಆರೇಳು ತಿಂಗಳು ಬಿಡುವಿಲ್ಲದೆ ಕೂಗಿದ ಹಾರ್ನ್‌ಗಳು ಈಗ ಶೆಡ್ಡಿನ ಮೂಲೆಯಲ್ಲಿ ಮಲಗಿರುತ್ತವೆ. ಅವುಗಳ ಯುನಿಟ್ ಬಿಚ್ಚಿ ನೋಡಲು ಇದೇ ಸರಿಯಾದ ಕಾಲ. ಜಾತ್ರೆಯ ಮುನ್ನಾದಿನ ಒಂದು ಹಾರ್ನ್ ಸತ್ತರೆ ಅಂಗಡಿಯಲ್ಲಿ ಸಿಕ್ಕಿದ ಡಯಾಫ್ರಾಮ್ ತಂದು ಹಾಕುತ್ತೇವೆ. ಆ ವರ್ಷವಿಡೀ ಭಾಗವತರ ಪದ್ಯ ಒಂದು ಬದಿಯಲ್ಲಿ ಒಂದು ಥರ, ಇನ್ನೊಂದು ಬದಿಯಲ್ಲಿ ಇನ್ನೊಂದು ಥರ ಕೇಳಿಸುತ್ತದೆ. ಮಳೆಗಾಲದ ಬಿಡುವಿನಲ್ಲಿ ಆರಿಸಿ ತಂದರೆ ಹೀಗಾಗುವುದಿಲ್ಲ.

ಯುನಿಟ್‌ನ ಒಳಗೆ ಇರುವುದು ಬಹಳ ಸರಳ. ಬಲವಾದ ಅಯಸ್ಕಾಂತ, ಅದರ ನಡುವೆ ಉಂಗುರದಂಥ ಒಂದು ಕಿರಿದಾದ ಗ್ಯಾಪ್, ಆ ಗ್ಯಾಪ್‌ನಲ್ಲಿ ತೂಗುವ ವಾಯ್ಸ್ ಕಾಯಿಲ್, ಕಾಯಿಲ್‌ಗೆ ಅಂಟಿಕೊಂಡ ಗುಮ್ಮಟದ ಆಕಾರದ ತೆಳು ಹಾಳೆ. ಈ ಹಾಳೆಯೇ ಡಯಾಫ್ರಾಮ್. ಅದರ ಎದುರಿಗೆ, ಅರ್ಧ ಮಿಲಿಮೀಟರಿನಷ್ಟು ಅಂತರದಲ್ಲಿ, ಸೀಳುಗಳಿರುವ ಒಂದು ಲೋಹದ ಗುಂಡು ಕುಳಿತಿರುತ್ತದೆ. ಅದಕ್ಕೆ ಫೇಸ್ ಪ್ಲಗ್ ಎನ್ನುತ್ತಾರೆ. ಡಯಾಫ್ರಾಮ್ ಒತ್ತಿದ ಗಾಳಿ ಆ ಸೀಳುಗಳ ಮೂಲಕ ಹಾರ್ನ್‌ನ ಗಂಟಲಿಗೆ ಬರುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವೆಂಟೆ ಮತ್ತು ಥುರಾಸ್ ರೂಪಿಸಿದ ವೆಸ್ಟರ್ನ್ ಎಲೆಕ್ಟ್ರಿಕ್ 555 ಎಂಬ ಯುನಿಟ್ 1926ರಲ್ಲಿ ಸಿನಿಮಾ ಮಂದಿರಗಳಿಗೆ ಮಾತು ಕೊಟ್ಟಿತು. ನಮ್ಮ ದೇವಸ್ಥಾನದ ಗೋಪುರದ ಮೇಲಿನ ಹಾರ್ನ್‌ನ ಒಳಗಿರುವುದು ಇಂದಿಗೂ ಅದೇ ತತ್ತ್ವ. ಒಳ್ಳೆಯ ಹಾರ್ನ್ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 105ರಿಂದ 110 ಡೆಸಿಬೆಲ್ ಸದ್ದು ಮಾಡುತ್ತದೆ. 90 ಡೆಸಿಬೆಲ್ ಕೊಡುವ ಸಾಮಾನ್ಯ ಬಾಕ್ಸ್ ಸ್ಪೀಕರ್‌ನಿಂದ 110 ಬರಬೇಕಾದರೆ 100 ವ್ಯಾಟ್ ಸುರಿಯಬೇಕು. ಅರ್ಧ ಮಿಲಿಮೀಟರಿನ ಆಚೆ ಈಚೆ ಕೆಲಸ ಮಾಡುವ ಭಾಗವಾದ್ದರಿಂದ ಡಯಾಫ್ರಾಮ್ ಬದಲಿಸುವಾಗ ಕೂದಲೆಳೆಯ ವ್ಯತ್ಯಾಸವೂ ಕಿವಿಗೆ ಬರುತ್ತದೆ.

ಹಳೆಯದು ಸತ್ತದ್ದು ಹೇಗೆ?

ಹೊಸದನ್ನು ಕೊಳ್ಳುವ ಮೊದಲು ಹಳೆಯದನ್ನು ಬೆಳಕಿಗೆ ಹಿಡಿದು ನೋಡಿ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದೇ ಮುಖ್ಯ, ಹೆಚ್ಚಿನವರು ಬಿಡುವುದೂ ಇದನ್ನೇ. ಕಾಯಿಲ್ ಕಪ್ಪಾಗಿ, ಸುಟ್ಟ ವಾಸನೆ ಬರುತ್ತಿದ್ದರೆ ಅದು ಶಾಖದಿಂದ ಸತ್ತದ್ದು. ಆಂಪ್ಲಿಫಯರ್‌ನ ವಾಲ್ಯೂಮ್ ಮಿತಿ ಮೀರಿ ಏರಿಸಿದ್ದರಿಂದ ಸದ್ದು ಒಡೆದಿದೆ, ಅಥವಾ ಮೈಕ್ ಬಹಳ ಹೊತ್ತು ಕೀರಿದೆ. ತಾಮ್ರದ ತಂತಿ 180 ಡಿಗ್ರಿಯಷ್ಟು ಬಿಸಿ ಏರಿದರೆ ಅದರ ರೋಧ ಸುಮಾರು ಶೇ. 70ರಷ್ಟು ಹೆಚ್ಚುತ್ತದೆ. ಆಗ ಸದ್ದು ತಾನಾಗಿಯೇ ಕುಗ್ಗುತ್ತದೆ, ಕುಗ್ಗಿತೆಂದು ನಾವು ಇನ್ನಷ್ಟು ಏರಿಸುತ್ತೇವೆ. ರಾತ್ರಿ ಎರಡನೇ ಜಾವದಲ್ಲಿ ಹಾರ್ನ್ ಸುಡುವುದು ಹೆಚ್ಚಾಗಿ ಹೀಗೆ.

ಕಾಯಿಲ್ ಹೊಳೆಯುತ್ತಿದ್ದು ಅಂಚಿನ ಸುಕ್ಕುಗಳು ಹರಿದಿದ್ದರೆ ಕಾರಣ ಬೇರೆ. ಯುನಿಟ್ ತಾಳಲಾರದಷ್ಟು ಕೆಳಗಿನ ಸ್ವರ ಅದಕ್ಕೆ ಹೋಗಿದೆ. ಚೆಂಡೆಗೆ ಹತ್ತಿರ ಹಿಡಿದ ಮೈಕ್, ಕೈಗೆ ತಾಗಿ ದಡ್ ಎನ್ನುವ ಮೈಕ್, ಆಂಪ್ಲಿಫಯರ್ ಆನ್ ಆಗಿರುವಾಗಲೇ ಪಿನ್ ಕಿತ್ತು ಹಾಕುವುದು, ಜನರೇಟರ್ ಬದಲಿಸುವಾಗ ಬರುವ ಹೊಡೆತ, ಇವು ಗುಮ್ಮಟವನ್ನು ಫೇಸ್ ಪ್ಲಗ್‌ಗೆ ಬಡಿಸುತ್ತವೆ. ಕಾಯಿಲ್ ಚೆನ್ನಾಗಿದೆ, ಅಂಚೂ ಚೆನ್ನಾಗಿದೆ, ಆದರೂ ಮಲ್ಟಿಮೀಟರ್ ಏನೂ ತೋರಿಸುತ್ತಿಲ್ಲ ಎಂದಾದರೆ ಕಾಯಿಲ್‌ನಿಂದ ಟರ್ಮಿನಲ್‌ಗೆ ಬರುವ ಸಣ್ಣ ಎಳೆ ತುಂಡಾಗಿರುತ್ತದೆ. ಅದು ದಣಿದು ತುಂಡಾಗುವಂಥದ್ದು, ಯಾರ ತಪ್ಪೂ ಅಲ್ಲ. ತಾಮ್ರದ ಎಳೆಯಾದರೆ ನುರಿತ ಕೈ ಅದನ್ನು ಬೆಸೆದು ಕೊಡಬಲ್ಲದು, ಹೊಸ ಡಯಾಫ್ರಾಮೇ ಬೇಡ. ಅಲ್ಯೂಮಿನಿಯಂ ಎಳೆಗೆ ಸಾಧಾರಣ ಬೆಸುಗೆ ಹಿಡಿಯುವುದಿಲ್ಲ.

ನಾಲ್ಕನೆಯದು ನಮ್ಮ ಊರಿನದೇ ಕಾಯಿಲೆ. ಘಟ್ಟದ ಬುಡದ ಮಳೆ. ಗ್ಯಾಪ್‌ನಲ್ಲಿ ಕೆಂಪು ತುಕ್ಕಿನ ಪುಡಿ, ಅಲ್ಯೂಮಿನಿಯಂ ತಂತಿಯ ಮೇಲೆ ಬಿಳಿ ಹುಡಿ ಕಾಣಿಸಿದರೆ ಯುನಿಟ್‌ನ ಒಳಕ್ಕೆ ನೀರಿನ ಪಸೆ ಹೋಗಿದೆ ಎಂದರ್ಥ. ಹೊಸ ಡಯಾಫ್ರಾಮ್ ಹಾಕಿದರೂ ಆ ತುಕ್ಕು ಕಾಯಿಲ್‌ನ ಮೇಲಿನ ವಾರ್ನಿಶ್ ಕೆರೆದು ಒಂದು ಸೀಸನ್ನಿನಲ್ಲೇ ಕೊಲ್ಲುತ್ತದೆ.

ಮೀಟರ್ ಹಿಡಿಯುವಾಗ ಎರಡು ಎಚ್ಚರಿಕೆ. ಹಾರ್ನ್‌ನಲ್ಲಿ 100 ವೋಲ್ಟ್ ಲೈನಿನ ಟ್ರಾನ್ಸ್‌ಫಾರ್ಮರ್ ಇದ್ದರೆ ಅದನ್ನು ಬಿಡಿಸಿ ನೇರವಾಗಿ ಯುನಿಟ್‌ನ ಕಾಲಿಗೆ ಹಿಡಿಯಿರಿ, ಇಲ್ಲದಿದ್ದರೆ ನೀವು ಅಳೆಯುವುದು ಟ್ರಾನ್ಸ್‌ಫಾರ್ಮರನ್ನು. ಮೀಟರ್ ತೋರಿಸುವ ಅಂಕಿ ಹೆಸರಿನ ಅಂಕಿಗಿಂತ ಕಡಿಮೆಯೇ ಇರುತ್ತದೆ. 16 ಓಮ್ ಯುನಿಟ್ 10ರಿಂದ 13, 8 ಓಮ್ ಯುನಿಟ್ 5ರಿಂದ 7 ತೋರಿಸಿದರೆ ಸರಿ ಇದೆ.

ಬಟ್ಟೆ, ಪ್ಲಾಸ್ಟಿಕ್, ಲೋಹ

ಅಂಗಡಿಯವರು ನಿಮ್ಮೆದುರು ಹರವುವ ಡಯಾಫ್ರಾಮ್‌ಗಳು ಮೂರು ಜಾತಿಯವು. ಬಟ್ಟೆಗೆ ಫಿನಾಲಿಕ್ ಅಂಟು ಉಣಿಸಿ ಅಚ್ಚಿನಲ್ಲಿ ಒತ್ತಿದ ಕಂದು ಬಣ್ಣದ್ದು ಮೊದಲನೆಯದು. 1940ರಲ್ಲಿ ದೆಹಲಿಯಲ್ಲಿ ಶುರುವಾದ ಅಹುಜಾದ ಹಾರ್ನ್‌ಗಳೂ ಅದೇ ಮಾದರಿಯ ಬೇರೆ ಕಂಪೆನಿಗಳ ಹಾರ್ನ್‌ಗಳೂ ನಮ್ಮಲ್ಲಿ ಊರೂರಿಗೆ ಸದ್ದು ತಲುಪಿಸಿದ್ದು ಹೆಚ್ಚಾಗಿ ಈ ಜಾತಿಯಿಂದ. ಇದು ಭಾರ, ಆದ್ದರಿಂದ 6,000 ಹರ್ಟ್ಸ್‌ನ ಆಚೆಗೆ ಬೇಗ ಸೋಲುತ್ತದೆ. ಜಾಗಟೆಯ ಮಿಂಚು ಇದರಲ್ಲಿ ಬರುವುದಿಲ್ಲ. ಆದರೆ ಮನುಷ್ಯನ ಮಾತು ಅರ್ಥವಾಗಲು ಬೇಕಾದ 300ರಿಂದ 4,000 ಹರ್ಟ್ಸ್‌ನ ಪಟ್ಟಿಯಲ್ಲಿ ಇದು ಗಟ್ಟಿ. ಕೆಳಗಿನ ಸ್ವರದ ಹೊಡೆತವನ್ನು ಬಾಗಿ ತಾಳಿಕೊಳ್ಳುತ್ತದೆ.

ಪಾಲಿಯೆಸ್ಟರ್ ಅಥವಾ ಅದಕ್ಕಿಂತ ಮೇಲ್ದರ್ಜೆಯ ಪ್ಲಾಸ್ಟಿಕ್ ಹಾಳೆಯದು ಎರಡನೆಯದು. ಹಗುರ, ನೀರಿಗೆ ಹೆದರದು, ಸದ್ದು ಮೃದು. ಶಾಖ ಹೆಚ್ಚಾದರೆ ಮೆತ್ತಗಾಗುತ್ತದೆ. ಸಣ್ಣ ಸಭಾಂಗಣ, ತಾಳಮದ್ದಳೆ, ಭಜನಾ ಮಂದಿರಕ್ಕೆ ಚೆನ್ನು.

ಮೂರನೆಯದು ಲೋಹ. ಎರಡು ದಾರಿಯ ಬಾಕ್ಸ್‌ಗಳ ಮೇಲ್ಭಾಗದ ಯುನಿಟ್‌ಗಳಲ್ಲಿ ಈಗ ಬಹುಪಾಲು ಟೈಟೇನಿಯಂ, ಹಳೆಯ ಸ್ಟುಡಿಯೋ ಯುನಿಟ್‌ಗಳಲ್ಲಿ ಅಲ್ಯೂಮಿನಿಯಂ. ಅಲ್ಯೂಮಿನಿಯಂನ ಸಾಂದ್ರತೆ ಘನ ಸೆಂಟಿಮೀಟರಿಗೆ 2.7 ಗ್ರಾಂ, ಟೈಟೇನಿಯಂನದು 4.5. ಟೈಟೇನಿಯಂ ಹೆಚ್ಚು ಗಟ್ಟಿ ನಿಜ, ಆದರೆ ತೂಕವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಎರಡರ ಬಿಗಿತ ಹೆಚ್ಚುಕಡಿಮೆ ಒಂದೇ. ಟೈಟೇನಿಯಂ ಗೆಲ್ಲುವುದು ಆಯುಷ್ಯದಲ್ಲಿ. ಅಲ್ಯೂಮಿನಿಯಂ ಬಾಗಿ ಬಾಗಿ ಬಿರುಕು ಬಿಡುತ್ತದೆ, ಟೈಟೇನಿಯಂ ಅಷ್ಟು ಬೇಗ ಬಿಡುವುದಿಲ್ಲ. ಸದ್ದಿನ ವಿಚಾರಕ್ಕೆ ಬಂದರೆ ಟೈಟೇನಿಯಂ ತುತ್ತತುದಿಯಲ್ಲಿ ಸ್ವಲ್ಪ ಝಣಗುಟ್ಟುತ್ತದೆ, ಒಳ್ಳೆಯ ಅಲ್ಯೂಮಿನಿಯಂ ಹೆಚ್ಚು ನಯ. ಇವೆರಡಕ್ಕೂ ಮೇಲಿನದು ಬೆರಿಲಿಯಂ. ಸಾಂದ್ರತೆ 1.85 ಮಾತ್ರ, ಬಿಗಿತ ಅಲ್ಯೂಮಿನಿಯಂನ ನಾಲ್ಕು ಪಟ್ಟು. ಜಪಾನಿನ ಟಿಎಡಿ ಯುನಿಟ್‌ಗಳು ಹೆಸರಾದದ್ದು ಅದರಿಂದ. ಬೆಲೆಯ ಮಾತು ಬಿಡಿ, ಒಡೆದ ಬೆರಿಲಿಯಂನ ಹುಡಿ ಶ್ವಾಸಕೋಶಕ್ಕೆ ವಿಷ. ಒಡೆದದ್ದು ಕೈಗೆ ಬಂದರೆ ಊದಬೇಡಿ, ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೆದು ಮುಚ್ಚಿದ ಡಬ್ಬಿಯಲ್ಲಿ ಇಡಿ.

ಹಾಗಾದರೆ ಬಯಲಾಟಕ್ಕೆ ಯಾವುದು? ನಮ್ಮದು ತೆಂಕುತಿಟ್ಟು. ಚೆಂಡೆಯ ಪ್ರತಿ ಏಟಿಗೂ ತುದಿ ಚೂಪಾದ ಒಂದು ಹೊಡೆತ ಇರುತ್ತದೆ. ಸರಾಸರಿ ಸದ್ದು ಸಣ್ಣದಾಗಿದ್ದರೂ ಆ ಕ್ಷಣದ ಏಟು ಅದರ ಹತ್ತಾರು ಪಟ್ಟು ಶಕ್ತಿ ಕೇಳುತ್ತದೆ. ಗದ್ದೆಯ ಆಚೆ ಬದಿಗೆ ಮುಟ್ಟಬೇಕಾದ ಮಡಿಸಿದ ಹಾರ್ನ್‌ಗೆ ಫಿನಾಲಿಕ್ ಬಿಟ್ಟು ಬೇರೆ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕೆಲವರು ಅಂಥ ಯುನಿಟ್‌ಗೆ ಅಳತೆ ಕೂಡಿಬಂತೆಂದು ಟೈಟೇನಿಯಂ ಹಾಕಿಸುತ್ತಾರೆ. ಮಡಿಸಿದ ಹಾರ್ನ್‌ನ ತಿರುವುಗಳೇ ಮೇಲಿನ ಸ್ವರವನ್ನು ನುಂಗುವುದರಿಂದ ಅದರ ಲಾಭ ಕಿವಿಗೆ ಬರುವುದಿಲ್ಲ, ಕೆಳಗಿನ ಸ್ವರದ ಹೊಡೆತಕ್ಕೆ ಮಾತ್ರ ಬೇಗ ಸೀಳುತ್ತದೆ. ರಂಗಸ್ಥಳದ ಎದುರಿಗೆ ಕುಳಿತವರಿಗಾಗಿ ಇಡುವ ಬಾಕ್ಸ್‌ಗಳಲ್ಲಿ ಟೈಟೇನಿಯಂ ಸರಿ. ಭಾಗವತರ ಕಂಠದ ಎಳೆ, ಜಾಗಟೆಯ ನಾದ ಅಲ್ಲಿ ಬರಬೇಕು.

ಅಸಲಿ, ನಕಲು ಮತ್ತು ಚಿನ್ನದ ತಕ್ಕಡಿ

ಕಂಪೆನಿಯದೇ ಡಯಾಫ್ರಾಮ್ ಸಿಗುವುದಾದರೆ ಅದನ್ನೇ ಕೊಳ್ಳಿ. ಹೊರಗಿನವರು ಮಾಡಿದ್ದು ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ಕೆಲವು ಬಹಳ ಚೆನ್ನಾಗಿರುತ್ತವೆ. ಆದರೆ 44.4 ಮಿಲಿಮೀಟರ್ ಕಾಯಿಲ್, ಟೈಟೇನಿಯಂ ಗುಮ್ಮಟ, 8 ಓಮ್ ಎಂದು ಒಂದೇ ವಿವರ ಬರೆದಿರುವ ಎರಡು ಪೊಟ್ಟಣಗಳ ಒಳಗೆ ಬಹಳ ಬೇರೆಯಾದ ಎರಡು ವಸ್ತುಗಳು ಇರಬಲ್ಲವು. ಒಂದರಲ್ಲಿ ಚಪ್ಪಟೆ ತಂತಿಯನ್ನು ಅಂಚಿನ ಮೇಲೆ ನಿಲ್ಲಿಸಿ ಒತ್ತೊತ್ತಾಗಿ ಸುತ್ತಿರುತ್ತಾರೆ, ಇನ್ನೊಂದರಲ್ಲಿ ಗುಂಡು ತಂತಿ. ಒಂದರ ಅಂಚು ವಜ್ರದ ಆಕಾರದ ಕಟ್ಟುಗಳದ್ದು, ಇನ್ನೊಂದರದ್ದು ಬರಿಯ ಸುರುಳಿ. ಗುಮ್ಮಟದ ಎತ್ತರ ಸ್ವಲ್ಪ ಬೇರೆ, ಅಂಟಿನ ಪ್ರಮಾಣ ಬೇರೆ. ಅಂಚಿನ ಆಕಾರ ಬದಲಾದರೆ ಮೇಲಿನ ಸ್ವರಗಳ ಏರಿಳಿತವೇ ಬದಲಾಗುತ್ತದೆ.

ಇದನ್ನು ಮನೆಯಲ್ಲೇ ಹಿಡಿಯಲು ಒಳ್ಳೆಯ ಉಪಾಯ ತೂಕ. ಗ್ರಾಮಿನ ನೂರನೇ ಪಾಲು ತೋರಿಸುವ ಚಿನ್ನದ ತಕ್ಕಡಿಯಲ್ಲಿ ಹಳೆಯದನ್ನೂ ಹೊಸದನ್ನೂ ತೂಗಿ. ಪ್ಲಾಸ್ಟಿಕ್ ಚೌಕಟ್ಟು ಎರಡಕ್ಕೂ ಒಂದೇ ಬಗೆಯದಾಗಿದ್ದರೆ ಮಾತ್ರ ಹೋಲಿಕೆ ಸರಿಯಾಗುತ್ತದೆ, ಅದು ನೆನಪಿರಲಿ. ಈ ಯುನಿಟ್‌ಗಳಲ್ಲಿ ಸುಮಾರು 3,500 ಹರ್ಟ್ಸ್‌ನಿಂದ ಮೇಲೆ ಸದ್ದನ್ನು ಎಳೆದು ಇಳಿಸುವುದು ಅಲುಗಾಡುವ ಭಾಗದ ಭಾರ. ಆ ಭಾರ ಶೇ. 20ರಷ್ಟು ಹೆಚ್ಚಾದರೆ ಮೇಲಿನ ಸ್ವರ ಸುಮಾರು ಒಂದೂವರೆ ಡೆಸಿಬೆಲ್ ಇಳಿಯುತ್ತದೆ. ಜೋಡಿಯಲ್ಲಿ ಒಂದಕ್ಕೆ ಮಾತ್ರ ಹಾಗಾದರೆ ಆ ಬದಿಯಲ್ಲಿ ಕುಳಿತವರಿಗೆ ಭಾಗವತರ ಸ್ವರ ಮಂಕಾಗಿ ಕೇಳಿಸುತ್ತದೆ.

ಪೊಟ್ಟಣದ ಮೇಲಿನ ವ್ಯಾಟ್ ಅಂಕಿಗೆ ಮರುಳಾಗಬೇಡಿ. 60 ವ್ಯಾಟ್ ಯುನಿಟ್‌ಗೆ 100 ವ್ಯಾಟ್ ಎಂದು ಬರೆದ ಡಯಾಫ್ರಾಮ್ ಹಾಕಿದರೆ ಯುನಿಟ್ 100 ವ್ಯಾಟ್ ಆಗುವುದಿಲ್ಲ. ಕಾಯಿಲ್‌ನ ಶಾಖ ಹೊರಹೋಗಬೇಕಾದದ್ದು ಹಳೆಯ ಕಬ್ಬಿಣದ ಮೂಲಕವೇ. ಓಮ್ ಮಾತ್ರ ಕಟ್ಟುನಿಟ್ಟಾಗಿ ನೋಡಿ. 16 ಓಮ್‌ನ ನಾಲ್ಕು ಯುನಿಟ್ ಸಮಾಂತರವಾಗಿ ಸೇರಿಸಿದಾಗ ಆಂಪ್ಲಿಫಯರ್‌ಗೆ 4 ಓಮ್ ಕಾಣುತ್ತದೆ. ಅವುಗಳಲ್ಲಿ ಒಂದಕ್ಕೆ 8 ಓಮ್ ಡಯಾಫ್ರಾಮ್ ಹಾಕಿದಿರೋ, ಅದು 3.2ಕ್ಕೆ ಇಳಿಯುತ್ತದೆ. ಆ ಒಂದೇ ಯುನಿಟ್ ಉಳಿದವುಗಳ ಎರಡು ಪಟ್ಟು ಶಕ್ತಿ ಎಳೆದು ಮೊದಲು ಸುಡುತ್ತದೆ.

ಪುತ್ತೂರಿನಿಂದ ಮಂಗಳೂರು ಹತ್ತಿರವೇ, ಸುಳ್ಯ ಮತ್ತು ಸುಬ್ರಹ್ಮಣ್ಯದವರಿಗೆ ಕೊಂಚ ದೂರ. ಬೆಂಗಳೂರಿಗೆ ಹೋಗುವವರಿದ್ದರೆ ಎಸ್‌.ಪಿ. ರೋಡ್‌ನಲ್ಲಿ ಆಯ್ಕೆ ಹೆಚ್ಚು. ಎಲ್ಲಿ ಕೊಂಡರೂ ಹಳೆಯ ಡಯಾಫ್ರಾಮ್ ಕೈಯಲ್ಲಿ ಹಿಡಿದೇ ಹೋಗಿ, ಬಿಲ್ ಪಡೆಯಿರಿ, ಒಂದೇ ಬ್ಯಾಚಿನ ಎರಡನ್ನು ಕೊಳ್ಳಿ.

ಹಳೆಯ ಸ್ಟುಡಿಯೋ ಮಾನಿಟರ್ ಇದ್ದವರಿಗೆ

ನಗರದಲ್ಲಿ ಮುಚ್ಚಿದ ಸ್ಟುಡಿಯೋಗಳಿಂದ ಹಾರ್ನ್ ಇರುವ ಹಳೆಯ ಮಾನಿಟರ್‌ಗಳನ್ನು ತಂದು ಮನೆಯಲ್ಲಿ ಇಟ್ಟುಕೊಳ್ಳುವ ಹವ್ಯಾಸಿಗಳೂ ಇದ್ದಾರೆ. ಯಕ್ಷಗಾನದ ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಮಾಡುವವರಿಗೆ ಇವು ನಿಧಿಯೇ ಸರಿ. ಇಲ್ಲಿ ಡಯಾಫ್ರಾಮ್‌ನ ಆಯ್ಕೆ ಇನ್ನಷ್ಟು ಸೂಕ್ಷ್ಮ.

ಜೆಬಿಎಲ್‌ 4430 ಬಂದದ್ದು 1981ರಲ್ಲಿ. 15 ಇಂಚಿನ ವೂಫರ್, ಮೇಲೆ ಎರಡು ಬದಿಗೆ ಉಬ್ಬಿದ ಹಾರ್ನ್, ನಡುವೆ 1,000 ಹರ್ಟ್ಸ್‌ನಲ್ಲಿ ಕ್ರಾಸ್‌ಓವರ್. ಅದರ ಮೂಲ ಯುನಿಟ್ 2421 ಅಲ್ಯೂಮಿನಿಯಂನದು. ಈಗ ಅದರಲ್ಲಿ 2425ರ ಟೈಟೇನಿಯಂ ಕಾಣುವುದು ಸಾಮಾನ್ಯ. ಈ ಹಾರ್ನ್ ಸದ್ದನ್ನು ಎಲ್ಲ ದಿಕ್ಕಿಗೂ ಸಮನಾಗಿ ಹರಡುವುದರಿಂದ ನೇರ ಎದುರಿಗೆ ಮೇಲಿನ ಸ್ವರ ಇಳಿದಿರುತ್ತದೆ, ಕ್ರಾಸ್‌ಓವರ್ ಅದನ್ನು ಎತ್ತಿ ಕೊಡುತ್ತದೆ. ಹಾಗೆ ಎತ್ತಿದಾಗ ಡಯಾಫ್ರಾಮ್‌ನ ಗುಣದೋಷಗಳೂ ಅದರ ಜೊತೆಗೇ ಮೇಲೇಳುತ್ತವೆ. ಟೈಟೇನಿಯಂ ಹಾಕಿಸಿದ ಜೋಡಿ ಕಿವಿಗೆ ಚುಚ್ಚಿದರೆ ಕ್ರಾಸ್‌ಓವರನ್ನು ಬೈಯುವ ಮೊದಲು ಇದನ್ನು ನೆನೆಯಿರಿ. ಇನ್ನೊಂದು ವಿಷಯ: ಜೆಬಿಎಲ್‌ನ ಹಳೆಯ ಯುನಿಟ್‌ಗಳಲ್ಲಿ ಪೋಲಾರಿಟಿಯ ಕ್ರಮ ಉಳಿದವರ ಕ್ರಮಕ್ಕೆ ತಿರುಗುಮುರುಗು. ಹೊರಗಿನವರ ಡಯಾಫ್ರಾಮ್‌ನ ಕೆಂಪು ಗುರುತನ್ನು ಕಣ್ಣುಮುಚ್ಚಿ ನಂಬಿದರೆ ವೂಫರ್ ಮತ್ತು ಹಾರ್ನ್ ಒಂದನ್ನೊಂದು ಅಳಿಸುತ್ತವೆ.

ಆಲ್ಟೆಕ್ 604 ಸರಣಿಯಲ್ಲಿ ವೂಫರ್‌ನ ನಡುವಿನಿಂದಲೇ ಹಾರ್ನ್ ಹೊರಡುತ್ತದೆ. 1940ರ ದಶಕದಿಂದ ದಶಕಗಳ ಕಾಲ ಅಮೆರಿಕದ ಸ್ಟುಡಿಯೋಗಳ ಕಿವಿ ಅದು. ಗುಮ್ಮಟ ಅಲ್ಯೂಮಿನಿಯಂ, ಕಾಯಿಲ್ 1.75 ಇಂಚು, ಅಂದರೆ 44 ಮಿಲಿಮೀಟರ್. ಆಲ್ಟೆಕ್ ಮುಚ್ಚಿದ ಮೇಲೆ ಅದರ ಭಾಗಗಳನ್ನು ಒಕ್ಲಹೋಮಾ ನಗರದ ಗ್ರೇಟ್ ಪ್ಲೇನ್ಸ್ ಆಡಿಯೋ ಮಾಡಿಕೊಂಡು ಬಂತು. ಕ್ಯಾಲಿಫೋರ್ನಿಯಾದ ರೇಡಿಯನ್ ಕಂಪೆನಿ ಅಲ್ಯೂಮಿನಿಯಂ ಗುಮ್ಮಟಕ್ಕೆ ಪ್ಲಾಸ್ಟಿಕ್ ಅಂಚು ಸೇರಿಸಿದ ಬದಲಿ ಡಯಾಫ್ರಾಮ್‌ಗಳನ್ನು ಆಲ್ಟೆಕ್, ಜೆಬಿಎಲ್ ಎರಡಕ್ಕೂ ಮಾಡಿತು. ಮೂಲದ ರುಚಿ ಬೇಕಾದವರು ಮೊದಲನೆಯದನ್ನು, ದಿನವಿಡೀ ದಣಿಯದೆ ಕೇಳಬೇಕಾದವರು ಎರಡನೆಯದನ್ನು ಆರಿಸಿದರೆ ಒಳ್ಳೆಯದೆಂದು ನನಗನಿಸುತ್ತದೆ.

ಟ್ಯಾನಾಯ್‌ನ ಡ್ಯುಯಲ್ ಕಾನ್ಸೆಂಟ್ರಿಕ್ 1947ರದ್ದು. ಅದರ ಹಳೆಯ ಮಾದರಿಗಳು 15 ಓಮ್, 1967ರ ಗೋಲ್ಡ್‌ನಿಂದ 8 ಓಮ್. ಎರಡನ್ನು ಬೆರೆಸಬೇಡಿ. ಇವುಗಳಲ್ಲೂ ಹಳೆಯ ಆಲ್ಟೆಕ್, ಜೆಬಿಎಲ್‌ಗಳಲ್ಲೂ ಇರುವ ಆಲ್ನಿಕೋ ಅಯಸ್ಕಾಂತವನ್ನು ಕಬ್ಬಿಣದ ಚೌಕಟ್ಟಿನಿಂದ ಬೇರ್ಪಡಿಸಿದರೆ ಅದರ ಶಕ್ತಿ ಅಲ್ಲೇ ಸೋರಿಹೋಗುತ್ತದೆ. ಹಿಂಬದಿಯ ಮುಚ್ಚಳ ತೆಗೆದು ಡಯಾಫ್ರಾಮ್ ಬದಲಿಸುವುದು ಮನೆಯ ಕೆಲಸ, ಅಯಸ್ಕಾಂತಕ್ಕೆ ಮಾತ್ರ ಕೈ ಹಾಕಬೇಡಿ. ವಿದೇಶದಿಂದ ತರಿಸುವವರು ಕೊರಿಯರ್ ಮತ್ತು ಕಸ್ಟಮ್ಸ್ ಸುಂಕ ಸೇರಿಸಿ ಲೆಕ್ಕ ಹಾಕಿ. ಮಾನಿಟರ್‌ನಲ್ಲಿ ಒಂದು ಬದಿ ಮಾತ್ರ ಸತ್ತಿದ್ದರೂ ಎರಡನ್ನೂ ಬದಲಿಸಿ, ಜೀವ ಇರುವ ಹಳೆಯದನ್ನು ಜೋಪಾನವಾಗಿ ತೆಗೆದಿಡಿ.

ಹಾಕುವ ಕ್ರಮ

ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ: ಯಾವ ತಂತಿ ಯಾವ ಕಾಲಿಗೆ, ಡಯಾಫ್ರಾಮ್ ಯಾವ ದಿಕ್ಕಿಗೆ. ಮೇಜಿನ ಮೇಲೆ ಶುಭ್ರ ಬಟ್ಟೆ ಹಾಸಿ. ಕಬ್ಬಿಣದ ಹುಡಿ ಬಿದ್ದಿರುವ ಗ್ಯಾರೇಜಿನಲ್ಲಿ ಈ ಕೆಲಸ ಬೇಡವೇ ಬೇಡ. ಸ್ಕ್ರೂಡ್ರೈವರ್ ಬಿಗಿಯಾಗಿ ಹಿಡಿಯಿರಿ, ಅಯಸ್ಕಾಂತ ಅದನ್ನು ಎಳೆದುಕೊಂಡು ಹೊಸ ಗುಮ್ಮಟಕ್ಕೆ ಚುಚ್ಚಿಬಿಡುತ್ತದೆ.

ಗ್ಯಾಪ್ ಸ್ವಚ್ಛ ಮಾಡುವುದರಲ್ಲಿ ಅವಸರ ಬೇಡ. ಲಗ್ನಪತ್ರಿಕೆಯ ದಪ್ಪ ಕಾಗದದ ಒಂದು ಪಟ್ಟಿಗೆ ಮಾಸ್ಕಿಂಗ್ ಟೇಪನ್ನು ಅಂಟು ಹೊರಗೆ ಬರುವಂತೆ ಸುತ್ತಿ, ಗ್ಯಾಪ್‌ನ ಒಳಗೆ ಇಳಿಸಿ ಸುತ್ತಲೂ ಎಳೆಯಿರಿ. ಕೊಳೆಯಾದ ಟೇಪ್ ಬಿಸಾಡಿ ಹೊಸದು ಸುತ್ತಿ, ಟೇಪ್ ಬೆಳ್ಳಗೆ ಹೊರಬರುವವರೆಗೆ ಮುಂದುವರಿಸಿ. ಗಾಳಿ ಊದಿದರೆ ಹುಡಿ ಇನ್ನೂ ಒಳಕ್ಕೆ ಹೋಗುತ್ತದೆ. ಕೆಲವು ಯುನಿಟ್‌ಗಳ ಗ್ಯಾಪ್‌ನಲ್ಲಿ ಕಪ್ಪು ಎಣ್ಣೆಯಂಥ ಫೆರೋಫ್ಲುಯಿಡ್ ಇರುತ್ತದೆ. ಅದು ಗಟ್ಟಿಯಾಗಿದ್ದರೆ ಪೂರ್ತಿ ಒರೆಸಿ ತೆಗೆದು, ಕಂಪೆನಿ ಹೇಳಿದಷ್ಟೇ ಹೊಸದನ್ನು ಹಾಕಬೇಕು.

ಡಯಾಫ್ರಾಮ್‌ನ ಅಡಿಯಲ್ಲಿ ಕಾಗದದ್ದೋ ಲೋಹದ್ದೋ ತೆಳು ಬಳೆ ಇದ್ದರೆ ಎಸೆಯಬೇಡಿ. ಗುಮ್ಮಟಕ್ಕೂ ಫೇಸ್ ಪ್ಲಗ್‌ಗೂ ನಡುವಿನ ಅಂತರ ಕಾಯುವುದು ಅದೇ. ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಆಮೇಲೆ ಮೊಬೈಲ್‌ನ ಟೋನ್ ಜನರೇಟರ್ ಆ್ಯಪನ್ನು ಆಂಪ್ಲಿಫಯರ್‌ಗೆ ಸೇರಿಸಿ, ಬಹಳ ಸಣ್ಣ ವಾಲ್ಯೂಮ್‌ನಲ್ಲಿ ಕೆಳಗಿನಿಂದ ಮೇಲಕ್ಕೆ ಸ್ವರ ಏರಿಸಿ. ಫಿನಾಲಿಕ್ ಹಾರ್ನ್ ಯುನಿಟ್‌ಗೆ 300 ಹರ್ಟ್ಸ್‌ನಿಂದ, 1 ಇಂಚಿನ ಬಾಯಿಯ ಲೋಹದ ಯುನಿಟ್‌ಗೆ 800ರಿಂದ ಶುರುಮಾಡಿದರೆ ಸಾಕು. ನಡುವೆ ಎಲ್ಲಾದರೂ ಗರಗರ ಬಂದರೆ ಕಾಯಿಲ್ ಉಜ್ಜುತ್ತಿದೆ. ಸ್ಕ್ರೂ ಸಡಿಲಿಸಿ, ಡಯಾಫ್ರಾಮನ್ನು ಕೂದಲೆಳೆಯಷ್ಟು ಸರಿಸಿ, ಸ್ವರ ಹಾಡುತ್ತಿರುವಾಗಲೇ ಮತ್ತೆ ಬಿಗಿಯಿರಿ. ಗರಗರ ಇದ್ದಂತೆಯೇ ಜಾತ್ರೆಗೆ ಕಳಿಸಬೇಡಿ, ಮುಗಿಯುವ ಮೊದಲೇ ಸುಟ್ಟಿರುತ್ತದೆ.

ಪೋಲಾರಿಟಿ ನೋಡಲು ಎರಡೂ ಹಾರ್ನ್‌ಗಳನ್ನು ಒತ್ತೊತ್ತಾಗಿ ಇಟ್ಟು ಒಂದೇ ಮಾತನ್ನು ನುಡಿಸಿ, ಒಂದರ ತಂತಿಯನ್ನು ಅದಲುಬದಲು ಮಾಡಿ. ಯಾವುದರಲ್ಲಿ ಸದ್ದು ತುಂಬಿಕೊಂಡು ಬರುತ್ತದೋ ಅದು ಸರಿ. ಹೊಸದು ಹಳೆಯದರ ಸಮಕ್ಕೆ ಇದೆಯೇ ಎಂದು ತಿಳಿಯಲು ಮೊಬೈಲ್‌ನ ಸ್ಪೆಕ್ಟ್ರಮ್ ಆ್ಯಪ್ ಸಾಕು. 1 ಮೀಟರ್ ದೂರದಲ್ಲಿ, ಒಂದೇ ಎತ್ತರದಲ್ಲಿ, ಒಂದೇ ವಾಲ್ಯೂಮ್‌ನಲ್ಲಿ ಎರಡನ್ನೂ ಅಳೆದು ಚಿತ್ರ ಹೋಲಿಸಿ. ಮೊಬೈಲ್‌ನ ಮೈಕ್ ನಿಖರವಲ್ಲ, ಆದರೆ ಎರಡಕ್ಕೂ ಅದೇ ಮೈಕ್ ಆದ್ದರಿಂದ ವ್ಯತ್ಯಾಸ ಸರಿಯಾಗಿಯೇ ತೋರುತ್ತದೆ.

ಹೊಸದನ್ನು ಉಳಿಸಿಕೊಳ್ಳುವುದು

ಯುನಿಟ್‌ಗೆ ಸರಣಿಯಾಗಿ ಒಂದು ಕೆಪಾಸಿಟರ್ ಇದ್ದರೆ ಕೆಳಗಿನ ಸ್ವರದ ಹೊಡೆತ ಬಹಳ ಇಳಿಯುತ್ತದೆ. ಲೆಕ್ಕ ಸುಲಭ: 1,59,000 ಅನ್ನು ಹರ್ಟ್ಸ್ ಮತ್ತು ಓಮ್‌ನ ಗುಣಲಬ್ಧದಿಂದ ಭಾಗಿಸಿದರೆ ಮೈಕ್ರೋಫ್ಯಾರಡ್ ಸಿಗುತ್ತದೆ. 16 ಓಮ್ ಯುನಿಟ್ಟನ್ನು 500 ಹರ್ಟ್ಸ್‌ನಲ್ಲಿ ಕಾಯಬೇಕಾದರೆ 20, 8 ಓಮ್ ಯುನಿಟ್ಟನ್ನು 1,200ರಲ್ಲಿ ಕಾಯಬೇಕಾದರೆ 16ರಿಂದ 17. ಕೆಪಾಸಿಟರ್ ಪ್ಲಸ್ ಮೈನಸ್ ಇಲ್ಲದ ಜಾತಿಯದ್ದು, 100 ವೋಲ್ಟ್ ತಾಳುವಂಥದ್ದು ಇರಲಿ. ಲೈನ್ ಟ್ರಾನ್ಸ್‌ಫಾರ್ಮರ್ ಇದ್ದಲ್ಲಿ ಅದನ್ನು ಟ್ರಾನ್ಸ್‌ಫಾರ್ಮರ್ ಆದ ಮೇಲೆ, ಯುನಿಟ್‌ನ ಬದಿಗೆ ಹಾಕಿ.

ಸದ್ದಿನ ಮಿತಿಯ ಮಾತೂ ಇಲ್ಲೇ ಬರಬೇಕು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬ, ಉತ್ಸವಗಳಿಗಾಗಿ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್‌ವರೆಗೆ ಇನ್ನೂ ಬಿಗಿ. ಡಯಾಫ್ರಾಮ್ ಸರಿ ಇದ್ದು ಮಾತು ಸ್ಪಷ್ಟವಾಗಿದ್ದರೆ ಅರ್ಧ ಶಕ್ತಿಯಲ್ಲೂ ಅರ್ಥಗಾರಿಕೆ ಕೊನೆಯ ಸಾಲಿಗೆ ತಲುಪುತ್ತದೆ. ಶಕ್ತಿ ಅರ್ಧಕ್ಕಿಳಿದರೆ ಸದ್ದು ಇಳಿಯುವುದು 3 ಡೆಸಿಬೆಲ್ ಮಾತ್ರ, ಕಾಯಿಲ್‌ನಲ್ಲಿ ಹುಟ್ಟುವ ಶಾಖವೋ ಅರ್ಧಕ್ಕಿಳಿಯುತ್ತದೆ.

ಮಳೆಗಾಲದಲ್ಲಿ ಯುನಿಟ್ಟನ್ನು ಹಾರ್ನ್‌ನಿಂದ ಕಳಚಿ ಒಳಗಿಡಿ. ಹಾರ್ನ್‌ನ ಬಾಯಿ ಕೆಳಮುಖವಾಗಿರಲಿ, ಗಂಟಲಿಗೆ ಬಟ್ಟೆ ತುರುಕಿ. ಕಣಜ ಅಲ್ಲಿ ಮಣ್ಣಿನ ಗೂಡು ಕಟ್ಟಿದರೆ ದೀಪಾವಳಿಗೆ ಜೋಡಿಸಿದ ಮೊದಲ ದಿನವೇ ಆ ಮಣ್ಣು ಫೇಸ್ ಪ್ಲಗ್‌ನ ಸೀಳುಗಳಿಗೆ ಇಳಿಯುತ್ತದೆ. ಮುಚ್ಚಳ ಗಟ್ಟಿಯಾಗಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಯುನಿಟ್‌ಗಳನ್ನಿಟ್ಟು, ಆಟಿಯಲ್ಲಿ ಬಿಸಿಲು ಕಂಡ ದಿನ ಜೆಲ್ ಬದಲಿಸಿ. ಬೆಚ್ಚಗಿರುತ್ತದೆಂದು ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ, ಹೊಗೆಯ ಜಿಡ್ಡು ಗ್ಯಾಪ್‌ನಲ್ಲಿ ಕೂರುತ್ತದೆ. ದೇವಸ್ಥಾನದ ಮಾಡಿನ ಮೇಲೆ ವರ್ಷವಿಡೀ ಇರುವ ಹಾರ್ನ್‌ಗಳನ್ನು ಕೆಳಗಿಳಿಸಲು ಆಗದಿದ್ದರೆ ಯುನಿಟ್‌ನ ಹಿಂಬದಿಯ ರಬ್ಬರ್ ವಾಶರ್, ಕೇಬಲ್ ಒಳಹೋಗುವ ತೂತು ಎರಡನ್ನಾದರೂ ಮೇ ಮುಗಿಯುವುದರೊಳಗೆ ನೋಡಿಕೊಳ್ಳಿ.

ಕೊನೆಗೆ ಒಂದು ಕೆಲಸ ಮಾಡಿ. ಹಾಕಿದ ಡಯಾಫ್ರಾಮ್‌ನ ಹೆಸರು, ಓಮ್, ತೂಕ ಮತ್ತು ದಿನಾಂಕವನ್ನು ಮಾರ್ಕರ್ ಪೆನ್ನಿನಲ್ಲಿ ಯುನಿಟ್‌ನ ಬೆನ್ನಿಗೆ ಬರೆದಿಡಿ. ಮುಂದಿನ ಸಲ ಬಿಚ್ಚುವುದು ನಿಮ್ಮ ಮಗನಾಗಿರಬಹುದು, ಪಕ್ಕದೂರಿನ ಸೌಂಡ್ಸ್‌ನವರಾಗಿರಬಹುದು, ಅವರಿಗೆ ಅಂಗಡಿಯಲ್ಲಿ ಏನು ಕೇಳಬೇಕೆಂದು ಗೊತ್ತಿರಲಿ.